ಔಷಧದೊಡನೆ ಕೊಡಬೇಕಾದ ಮಾತು

ವೈದ್ಯರ ಚೀಟಿಯನ್ನು ಓದಿ ಗುಳಿಗೆಗಳನ್ನು ಎಣಿಸಿಕೊಡುವವನನ್ನು ನಾವು ಬರಿಯ ವ್ಯಾಪಾರಿಯೆಂದೇ ಭಾವಿಸುತ್ತ ಬಂದಿದ್ದೇವೆ. ಇದು ಸಾಧುವಲ್ಲ. 1948ರ ಫಾರ್ಮಸಿ ಕಾಯಿದೆಯು ಆತನಿಗೆ ನೋಂದಣಿಯ ಮನ್ನಣೆಯನ್ನಿತ್ತಿತು. 2015ರ ವೃತ್ತಿ ನಿಯಮಗಳು ರೋಗಿಗೆ ತಿಳಿವಳಿಕೆ ಹೇಳುವುದನ್ನೂ ಆತನ ಕರ್ತವ್ಯಗಳಲ್ಲಿ ಸೇರಿಸಿದವು. ಕರ್ತವ್ಯವನ್ನೇನೋ ವಿಧಿಸಿದ್ದಾಯಿತು. ಅದನ್ನು ಯಾವ ಮಾತಿನಲ್ಲಿ ನೆರವೇರಿಸಬೇಕೆಂಬುದನ್ನು ವಿದ್ಯಾರ್ಥಿಗೆ ಕಲಿಸುವವರು ಯಾರು?

ಬೆಳ್ತಂಗಡಿ ತಾಲೂಕಿನ ಅಳದಂಗಡಿಯನ್ನೇ ನೋಡೋಣ. ಹೆಸರಿನಲ್ಲಿಯೇ ಅಂಗಡಿಯನ್ನು ಹೊತ್ತ ಊರು; ಅಜಿಲ ಅರಸರ ಅರಮನೆಯಿರುವ ಸ್ಥಳ. ಆ ಸೀಮೆಯಲ್ಲಿ ಬಹುಮಂದಿಯ ಮನೆಮಾತು ತುಳು. ಬ್ಯಾರಿ, ಕೊಂಕಣಿಗಳೂ ಉಂಟು. ಕನ್ನಡವು ಶಾಲೆ ಕಚೇರಿಗಳ ಭಾಷೆ. ಇಂಗ್ಲಿಷಿನಲ್ಲಿಯೇ ಕಲಿತು ಅಲ್ಲಿಯ ಔಷಧದಂಗಡಿಗೆ ಬರುವ ತರುಣನು ‘ಬಿ.ಡಿ.’, ‘ಟಿ.ಡಿ.ಎಸ್.’ ಎಂಬ ಲ್ಯಾಟಿನ್ ಸಂಕೇತಗಳನ್ನು ಚೆನ್ನಾಗಿ ಬಲ್ಲನು. ಆದರೆ ‘ಆಹಾರಕ್ಕೆ ಮೊದಲು’ ಎಂದರೆ ಗಂಜಿಗೆ ಮೊದಲೋ, ಚಹಕ್ಕೂ ಮೊದಲೋ ಎಂದು ವೃದ್ಧೆಯೊಬ್ಬಳು ಕೇಳಿದಲ್ಲಿ ತಡವರಿಸಿಯಾನು. ಥೈರಾಯ್ಡಿನ ಗುಳಿಗೆಗೆ ಈ ಭೇದವು ಮುಖ್ಯವಾದುದು. ಅದನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆಯಾದರೂ ಕಳೆದ ಮೇಲೆಯೇ ಚಹ. ಕ್ಯಾಲ್ಸಿಯಂ ಗುಳಿಗೆಗೂ ಅದಕ್ಕೂ 4 ಗಂಟೆಗಳ ಅಂತರವಿರಬೇಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟಿನ ವಿಷಯವಂತೂ ಇನ್ನೂ ಗಂಭೀರವಾದುದು. ವಾರಕ್ಕೊಮ್ಮೆ ಸೇವಿಸಬೇಕಾದ ಈ ಔಷಧವನ್ನು ದಿನವೂ ನುಂಗಿ, ರಕ್ತಕಣಗಳು ಕುಂದಿ ಮೃತರಾದವರ ವೃತ್ತಾಂತಗಳು ಹಲವು ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ‘ವಾರಕ್ಕೊಮ್ಮೆ’ ಎಂದಷ್ಟೇ ನುಡಿದರೆ ಸಾಲದು. ‘ಸೋಮವಾರ ಮಾತ್ರ’ ಎಂದು ದಿನದ ಹೆಸರನ್ನೇ ಬರೆದುಕೊಟ್ಟು ಓದಿ ಹೇಳಬೇಕು.

ನಮ್ಮಲ್ಲಿ ಇದಕ್ಕೆ ಪದಗಳ ಬಡತನವಿಲ್ಲ. ಔಷಧವನ್ನು ಯಾವುದರೊಡನೆ ಸೇವಿಸಬೇಕೆಂಬುದನ್ನು ಆಯುರ್ವೇದವು ‘ಅನುಪಾನ’ ಎಂಬ ಒಂದೇ ಮಾತಿನಲ್ಲಿ ಹೇಳಿತು. ‘ಪಥ್ಯ’ವು ಅಕ್ಷರವರಿಯದವರಿಗೂ ಅರ್ಥವಾಗುತ್ತದೆ. (ಪಥ್ಯವೆಂದರೆ ಉಪವಾಸವಲ್ಲವೆಂಬುದನ್ನು ಮಾತ್ರ ಆಗಾಗ ನೆನಪಿಸಬೇಕು!)

ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠವು 1973ರಲ್ಲಿಯೇ ಮೈಸೂರಿನಲ್ಲಿ ಫಾರ್ಮಸಿ ಕಾಲೇಜನ್ನು ತೆರೆಯಿತು. 2008ರಲ್ಲಿ ದೇಶದಲ್ಲಿ ಜಾರಿಗೆ ಬಂದ ಆರು ವರ್ಷಗಳ ಫಾರ್ಮ್.ಡಿ. ವ್ಯಾಸಂಗವು ವಿದ್ಯಾರ್ಥಿಯನ್ನು ರೋಗಿಯ ಹಾಸಿಗೆಯ ಬಳಿಗೆ ಕರೆತಂದಿತು. ಸಂತೋಷವೇ. ಆದರೆ ಹಳ್ಳಿಯ ಅಂಗಡಿಗಳಲ್ಲಿ ನಿಲ್ಲುವವರು ಬಹುಮಟ್ಟಿಗೆ ಎರಡು ವರ್ಷಗಳ ಡಿಪ್ಲೊಮಾ ಪಡೆದವರು. ಅವರ ಪಠ್ಯಕ್ರಮದಲ್ಲಿ 2020ರ ನಿಯಮಗಳಿಂದ ಸಾಮಾಜಿಕ ಫಾರ್ಮಸಿಯು ಸೇರಿದೆ. 500 ಗಂಟೆಗಳ ಪ್ರಾಯೋಗಿಕ ತರಬೇತಿಯೂ ಉಂಟು, ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧ ಕೊಡುವುದಕ್ಕೇ ಮೀಸಲು. ಆ 250ರಲ್ಲಿ ಅರ್ಧವಾದರೂ ಹಳ್ಳಿಯ ಅಂಗಡಿಯಲ್ಲಿ ಕಳೆಯಲಿ. ಕೇಳಿದ್ದನ್ನು ರೋಗಿಯು ತನ್ನ ಮಾತಿನಲ್ಲಿ ತಿರುಗಿ ಹೇಳಿದ ಹೊರತು ವಿದ್ಯಾರ್ಥಿಗೆ ಅಂಕ ದೊರೆಯದಿರಲಿ. ಗ್ರಾಮಗಳಲ್ಲಿ ಔಷಧದಂಗಡಿ ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ನಿಯಮದಂತೆ ಮಾನ್ಯತೆ ಪಡೆದು, ವರ್ಷಕ್ಕೊಬ್ಬ ತರುಣನಿಗಾದರೂ ತಮ್ಮಲ್ಲಿ ಎಡೆಮಾಡಿಕೊಡಬೇಕೆಂದು ಕೋರುತ್ತೇನೆ.