ಯಂತ್ರವೂ ಗೋತ್ರ ಕೇಳುತ್ತಿದೆ

ನಮ್ಮ ಹಳ್ಳಿಗಳಿಗೆ ಹೊಸಬನೊಬ್ಬ ಬಂದರೆ ಮೊದಲು ಕೇಳುವುದು 'ಯಾವೂರು', ಆಮೇಲೆ 'ಯಾವ ಪೈಕಿ'. ಅವನು ಏನು ಹೇಳೋಕೆ ಬಂದಿದ್ದಾನೆ ಅನ್ನೋದು ಮೂರನೇ ಪ್ರಶ್ನೆ. ಎರಡನೆಯದಕ್ಕೆ ಬಂದ ಉತ್ತರ ನೋಡಿಕೊಂಡು ಮೂರನೆಯದನ್ನು ಕೇಳುತ್ತಾರೆ, ಇಲ್ಲಾ ಹಂಗೇ ಕಳಿಸುತ್ತಾರೆ. ಈ ಚಾಳಿಯನ್ನು ಈಗ ಯಂತ್ರಕ್ಕೂ ಕಲಿಸುತ್ತಿದ್ದಾರೆ.

ಗೂಗಲ್‌ನಲ್ಲಿ ಏನಾದರೂ ಹುಡುಕಿದರೆ ಮೊದಲೆಲ್ಲ ಒಂದು ಪಟ್ಟಿ ಬರುತ್ತಿತ್ತು. ಹತ್ತರಲ್ಲಿ ಒಂದನ್ನು ನಾವೇ ಆರಿಸಿಕೊಂಡು ಓದುತ್ತಿದ್ದೆವು. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಅದೇ ವರ್ಷ ಆಗಸ್ಟ್‌ನಲ್ಲಿ ಇಂಡಿಯಾದಲ್ಲಿ, ಆ ಪಟ್ಟಿಯ ನೆತ್ತಿಯ ಮೇಲೆ ಕೃತಕ ಬುದ್ಧಿಮತ್ತೆ ಬರೆದ ಸಿದ್ಧ ಉತ್ತರ ಬಂದು ಕೂತಿತು. ಇಲ್ಲಿ ಮೊದಲಿಗೆ ಅದು ಆಡಿದ್ದು ಇಂಗ್ಲಿಷ್ ಮತ್ತು ಹಿಂದಿ. ಉತ್ತರದ ನಡುವೆ ಮೂರೋ ನಾಲ್ಕೋ ಕೊಂಡಿಗಳಿರುತ್ತವೆ. 'ಇದನ್ನು ಇಂಥವರು ಹೇಳಿದ್ದಾರೆ' ಎಂಬ ಸಾಕ್ಷಿಗಳು. ಆ ಮೂರು ನಾಲ್ಕರಲ್ಲಿ ಇದ್ದವನು ಇದ್ದಾನೆ. ಇಲ್ಲದವನು ಓದುಗನ ಪಾಲಿಗೆ ಹುಟ್ಟೇ ಇಲ್ಲ.

ಆದ್ದರಿಂದಲೇ ಮಾರುಕಟ್ಟೆಯಲ್ಲಿ ಹೊಸ ಧಂದೆ ಶುರುವಾಗಿದೆ. ಬರಹದ ಕೆಳಗೆ ತಜ್ಞನ ಹೆಸರು, ಪದವಿ, ಫೋಟೋ ಹಾಕಿದರೆ ಯಂತ್ರದ ಉತ್ತರದಲ್ಲಿ ಅದು ಎಷ್ಟು ಹೆಚ್ಚು ಕಾಣಿಸುತ್ತದೆ ಎಂದು ಅಳೆಯುವ ಧಂದೆ. ಅಳೆಯಲಿ ಬಿಡಿ, ನಮಗೇನು ಅನ್ನಬೇಡಿ. ಭೂಮಿ ಅಳೆಯುವಾಗ ಹಂಗೇ ಅಂದುಕೊಂಡು ಸುಮ್ಮನಿದ್ದವರ ಮಕ್ಕಳು ಇವತ್ತಿಗೂ ಪಹಣಿಯಲ್ಲಿ ಹೆಸರಿಲ್ಲದೆ ಅಲೆಯುತ್ತಿದ್ದಾರೆ.

ಈ ಕಥೆಗೆ ಒಂದು ಹಿನ್ನೆಲೆಯಿದೆ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ಹುಡುಗರು, ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್, ಒಂದು ಸೂತ್ರ ಹೊರತಂದರು. ಯಾವ ಪುಟದ ಕಡೆಗೆ ಹೆಚ್ಚು ಪುಟಗಳು ಕೈ ತೋರಿಸುತ್ತವೋ ಅದು ದೊಡ್ಡದು. ದೊಡ್ಡದೊಂದು ಕೈ ತೋರಿಸಿದರೆ ಇನ್ನೂ ದೊಡ್ಡದು. ಪಟೇಲ ತಲೆದೂಗಿದರೆ ಊರೇ ತಲೆದೂಗಿದ ಲೆಕ್ಕ! 2011ರಲ್ಲಿ ಗೂಗಲ್ ಹುಡುಕಾಟದ ಪಟ್ಟಿಯಲ್ಲಿ ಲೇಖಕರ ಹೆಸರು ತೋರಿಸುವ ಪ್ರಯೋಗ ಶುರುಮಾಡಿತು, 2014ರಲ್ಲಿ ಕೈಬಿಟ್ಟಿತು. ಅಷ್ಟರಲ್ಲಿ ಪುಟಗಳ ಗುಣ ನೋಡುವವರಿಗೆ ಕೊಟ್ಟ ಕೈಪಿಡಿಯಲ್ಲಿ ಮೂರು ಮಾತು ಸೇರಿದ್ದವು: ಪರಿಣತಿ, ಅಧಿಕಾರ, ವಿಶ್ವಾಸ. 2022ರ ಡಿಸೆಂಬರ್‌ನಲ್ಲಿ ನಾಲ್ಕನೆಯದೊಂದನ್ನು ಸೇರಿಸಿದರು: ಅನುಭವ. ಇದು ನೇರವಾಗಿ ಹಾಕುವ ಅಂಕ ಅಲ್ಲ ಎಂದು ಗೂಗಲ್ಲೇ ಹೇಳುತ್ತದೆ. ಆದರೆ ದಿಕ್ಕು ಯಾವುದು ಅನ್ನೋದಕ್ಕೆ ಇಷ್ಟು ಸಾಕು.

ಅನುಭವ! ಈ ಮಾತು ಕೇಳಿ ನಮ್ಮವರು ಕೆಲವರು ಹಿಗ್ಗಿದರು. ಅನುಭವ ಅಂದರೆ ನಮ್ಮ ಹತ್ತಿರ ಬೇಕಾದಷ್ಟಿದೆಯಲ್ಲ ಅಂತ. ಸ್ವಲ್ಪ ತಡೀರಿ. ಆ ಅನುಭವ ಬರಹದಲ್ಲಿರಬೇಕು, ಅಂತರ್ಜಾಲದಲ್ಲಿರಬೇಕು, ಅದಕ್ಕೆ ಬೇರೆಯವರು ಕೈ ತೋರಿಸಿರಬೇಕು. ಮ್ಯಾನ್‌ಹೋಲಿಗೆ ಇಳಿದವನ ಅನುಭವ ಅವನ ಪುಪ್ಪುಸದಲ್ಲಿದೆ. ಅದನ್ನು ಯಂತ್ರ ಓದಲಾರದು.

ಇನ್ನು ಅಳತೆಯ ವಿಷಯ. 2023ರಲ್ಲಿ ಪ್ರಿನ್ಸ್‌ಟನ್, ದಿಲ್ಲಿ ಐಐಟಿ ಮುಂತಾದ ಕಡೆಯ ಸಂಶೋಧಕರು ಒಂದು ಅಧ್ಯಯನ ಹೊರತಂದರು. 10,000 ಪ್ರಶ್ನೆಗಳನ್ನು ಇಟ್ಟುಕೊಂಡರು. ಒಂದೇ ಬರಹವನ್ನು ಬೇರೆ ಬೇರೆ ಬಗೆಯಲ್ಲಿ ತಿದ್ದಿ ಯಂತ್ರದ ಮುಂದಿಟ್ಟರು. ಉತ್ತರದಲ್ಲಿ ಆ ಬರಹದಿಂದ ಎಷ್ಟು ಪದ ಬಂತು, ಎಷ್ಟು ಮೊದಲೇ ಬಂತು ಎಂದು ಎಣಿಸಿದರು. ಉಲ್ಲೇಖ, ಉದ್ಧರಣೆ, ಅಂಕಿಅಂಶ ಸೇರಿಸಿದ ಬರಹ ಶೇಕಡ 40ರವರೆಗೆ ಹೆಚ್ಚು ಕಾಣಿಸಿತು. ಬರೀ ಪದಗಳನ್ನು ತುರುಕಿದ್ದು ನಡೆಯಲಿಲ್ಲ. ಇನ್ನೂ ಒಂದು ವಿಷಯ ಗೊತ್ತಾಯಿತು. ಉಲ್ಲೇಖ ಸೇರಿಸಿದಾಗ ಪಟ್ಟಿಯಲ್ಲಿ ಐದನೆಯ ಜಾಗದಲ್ಲಿದ್ದ ಪುಟದ ಗೋಚರತೆ ಶೇಕಡ 115ರಷ್ಟು ಏರಿತು. ಮೊದಲ ಜಾಗದಲ್ಲಿದ್ದದ್ದು ಶೇಕಡ 30ರಷ್ಟು ಇಳಿಯಿತು.

ನೋಡಿದಿರಾ, ಹಿಂದಿನ ಸಾಲಿನವನೂ ಮುಂದೆ ಬರಬಹುದು ಎಂದು ಚಪ್ಪಾಳೆ ತಟ್ಟುವವರಿದ್ದಾರೆ. ನಾನು ಕೇಳುವುದು ಎರಡೇ ಪ್ರಶ್ನೆ. ಅವನು ಮುಂದೆ ಬಂದದ್ದು ಯಾರ ಮಾತನ್ನು ಉಲ್ಲೇಖಿಸಿ? ಈಗಾಗಲೇ ಅಚ್ಚಾದವರ, ಹೆಸರಾದವರ ಮಾತನ್ನು. ಐದನೆಯ ಜಾಗದವನು ಯಾರು? ಅವನೂ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡವನೇ. ಹೊರಗೆ ನಿಂತವರ ಲೆಕ್ಕ ಈ ಅಳತೆಯಲ್ಲಿ ಎಲ್ಲಿದೆ ಸ್ವಾಮಿ?

ಯಂತ್ರಕ್ಕೆ ಜಾತಿ ಗೊತ್ತಿಲ್ಲ ಅನ್ನುತ್ತಾರೆ. ಇರಬಹುದು. ಶಾನುಭೋಗನ ಲೆಕ್ಕದ ಪುಸ್ತಕಕ್ಕೂ ಜಾತಿ ಗೊತ್ತಿರಲಿಲ್ಲ, ಅದು ಬರೀ ಕಾಗದ. ಆದರೆ ಬರೆಯುವ ಹಕ್ಕು ಒಂದೇ ಮನೆಯಲ್ಲಿ ತಲೆಮಾರುಗಟ್ಟಲೆ ಇದ್ದದ್ದರಿಂದ ಪುಸ್ತಕವೂ ಆ ಮನೆಯ ಮಾತನ್ನೇ ಆಡಿತು. ಆ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಲು ನಮ್ಮಲ್ಲಿ 1961ರಲ್ಲಿ ಕಾಯಿದೆಯೇ ಬೇಕಾಯಿತು. ಅಂತರ್ಜಾಲದ ಶಾನುಭೋಗಿಕೆಗೆ ಯಾವ ಕಾಯಿದೆ ಇದೆ?

ಒಂದು ಉದಾಹರಣೆ ಕೊಡುತ್ತೇನೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಹೇಳಿತು: ಮಲ ಹೊರುವುದರಿಂದ ಒಂದೂ ಸಾವು ವರದಿಯಾಗಿಲ್ಲ. ಒಳಚರಂಡಿಯಲ್ಲಿ, ಶೌಚಗುಂಡಿಯಲ್ಲಿ ಉಸಿರುಗಟ್ಟಿ ಸತ್ತವರನ್ನು 'ಅಪಾಯಕಾರಿ ಶುಚಿಕಾರ್ಯ' ಎಂಬ ಬೇರೆ ಖಾನೆಗೆ ಹಾಕಿದ್ದರು. ಖಾನೆ ಬದಲಾಯಿತು, ಹೆಣ ಅದೇ. ಅಧಿಕಾರ, ವಿಶ್ವಾಸ ಎಂಬ ಅಳತೆಗೋಲಿನಲ್ಲಿ ಸರ್ಕಾರದ ಪುಟಕ್ಕಿಂತ ಎತ್ತರದ್ದು ಯಾವುದು? ಗುಂಡಿಯಿಂದ ಗಂಡನ ಹೆಣ ಎತ್ತಿಸಿದ ಹೆಂಗಸಿನ ಮಾತು ಈ ಅಳತೆಗೋಲಿನಲ್ಲಿ ಎಷ್ಟು ಅಂಗುಲ?

ಹಾಗಂತ ಆ ಜನ ಜ್ಞಾನ ಕಟ್ಟಲಿಲ್ಲವಾ? ಕೋಲಾರ ಚಿನ್ನದ ಗಣಿಯ ಸಫಾಯಿ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಂಗಾತಿಗಳ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಹಲವು ರಾಜ್ಯಗಳು 'ನಮ್ಮಲ್ಲಿ ಈ ಪದ್ಧತಿ ಇಲ್ಲವೇ ಇಲ್ಲ' ಎಂದು ಪ್ರಮಾಣಪತ್ರ ಹಾಕಿದವು. ಇವರು ಊರೂರು ಸುತ್ತಿ ಫೋಟೋ ತಂದರು, ಹೆಸರು ತಂದರು, ಲೆಕ್ಕ ತಂದರು. 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ ತಲಾ 10 ಲಕ್ಷ ಕೊಡಬೇಕೆಂದು 2014ರಲ್ಲಿ ಕೋರ್ಟು ಹೇಳಿತು. ತಜ್ಞರು ಯಾರು ಈಗ ಹೇಳಿ.

ತಜ್ಞರೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಮೂರ್ಖತನ. 2024ರಲ್ಲಿ ಗೂಗಲ್‌ನ ಉತ್ತರ ಯಾರದೋ ಹಳೇ ತಮಾಷೆಯನ್ನು ನಂಬಿ ಪಿಜ್ಜಾಕ್ಕೆ ಅಂಟು ಹಚ್ಚಿ ಅಂದಿತ್ತು. ಜ್ವರದ ಮಗುವಿಗೆ ಔಷಧಿ ಹೇಳಲು ಡಾಕ್ಟರೇ ಬೇಕು. ಆದರೆ ಪದವಿಯ ಪಟ್ಟಿಯೊಂದೇ ಸಾಕು ಅನ್ನುವವರು 2023ರ ನವೆಂಬರ್ ನೆನೆಯಲಿ. ಅಮೆರಿಕದ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯ ಜಾಲತಾಣದಲ್ಲಿ ಯಂತ್ರ ಬರೆದ ಮುಖಗಳನ್ನು ಅಂಟಿಸಿಕೊಂಡ, ಇಲ್ಲದ ಲೇಖಕರ ಹೆಸರಿನ ಬರಹಗಳು ಇದ್ದದ್ದು ಬಯಲಾಯಿತು. ಫೋಟೋ ಇತ್ತು, ಪರಿಚಯವಿತ್ತು. ಮನುಷ್ಯನೇ ಇರಲಿಲ್ಲ. ಗೋತ್ರ ಕೇಳುವವನನ್ನು ಸುಳ್ಳು ಗೋತ್ರ ಹೇಳಿ ಮೋಸ ಮಾಡುವುದು ಸುಲಭ.

ಪದವಿ ಇದ್ದರೂ ಬಾಗಿಲು ತೆರೆಯುತ್ತದೆಂಬ ಭರವಸೆ ಇಲ್ಲ. ಕೊಲಂಬಿಯಾ, ಲಂಡನ್ ಎರಡೂ ಕಡೆ ಡಾಕ್ಟರೇಟ್ ಪಡೆದ ಅಂಬೇಡ್ಕರರನ್ನು ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು 1936ರ ಸಮ್ಮೇಳನದ ಅಧ್ಯಕ್ಷ ಭಾಷಣಕ್ಕೆ ಕರೆದರು. ಭಾಷಣದ ಪ್ರತಿ ಓದಿ ಹೆದರಿದರು, ಸಮ್ಮೇಳನವನ್ನೇ ಬಿಟ್ಟರು. ಬಾಬಾಸಾಹೇಬರು ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಆವತ್ತಿನ ಗೋಚರತೆ ಅಳೆದಿದ್ದರೆ ಎಷ್ಟು ಬರುತ್ತಿತ್ತು? ಅವರು ಅಳತೆ ನೋಡಿಕೊಂಡು ಬರೆಯಲಿಲ್ಲ.

ಗೆಳೆಯರೇ, ಮೇಷ್ಟ್ರುಗಳೇ, ಹಾಸ್ಟೆಲಿನ ತಮ್ಮ ತಂಗಿಯರೇ, ಅಳತೆಗೋಲನ್ನು ಅವರ ಕೈಯಲ್ಲೇ ಬಿಡಬೇಡಿ. ಮೊಬೈಲು ನಿಮ್ಮ ಕೈಯಲ್ಲೂ ಇದೆ. ನಿಮ್ಮ ತಾಲ್ಲೂಕಿನ ಕೆರೆ, ಜೀತ, ಸ್ಮಶಾನದ ಜಾಗ, ಬೆತ್ತಲೆ ಸೇವೆ, ಇವುಗಳ ಬಗ್ಗೆ ಒಂದೊಂದು ಪ್ರಶ್ನೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಯಂತ್ರಕ್ಕೆ ಕೇಳಿ. ತಾರೀಕು ಬರೆಯಿರಿ. ಯಾರ ಹೆಸರು ಬಂತು ಒಂದು ಖಾನೆ. ಯಾರು ಕಂಡಿದ್ದರು, ಉಂಡಿದ್ದರು, ಹೆಸರು ಬರಲಿಲ್ಲ, ಅದು ಇನ್ನೊಂದು ಖಾನೆ. ತಿಂಗಳು ಬಿಟ್ಟು ಮತ್ತೆ ಕೇಳಿ. ಎರಡನೇ ಖಾನೆಯವರ ಹತ್ತಿರ ಹೋಗಿ ಕೂತು, ಅವರು ಹೇಳಿದ್ದನ್ನು ಅವರ ಒಪ್ಪಿಗೆಯಿಂದ, ಅವರದೇ ಹೆಸರಿನಲ್ಲಿ, ಊರು ಇಸವಿ ಸಮೇತ ಬರೆದು ಪ್ರಕಟಿಸಿ. ಒಬ್ಬರ ಬರಹವನ್ನು ಇನ್ನೊಬ್ಬರು ಹೆಸರು ಹಿಡಿದು ಉಲ್ಲೇಖಿಸಿ. ನಮ್ಮವರು ನಮ್ಮವರ ಹೆಸರು ಹೇಳದಿದ್ದರೆ ಯಂತ್ರ ಯಾಕೆ ಹೇಳೀತು?

ಈ ಪತ್ರಿಕೆಗೆ ನಿಮ್ಮ ಎರಡು ಖಾನೆಯ ಪಟ್ಟಿಗಳನ್ನು ಕಳಿಸಿ. ಮುಂದಿನ ಸಂಚಿಕೆಯಿಂದಲೇ ಅಚ್ಚು ಹಾಕೋಣ.