ಏಜೆಂಟ್ ಯಾರ ಆಳು?



ಇಳಕಲ್ಲಿನ ನೇಕಾರ, ಹುನಗುಂದದ ರೈತ, ಬಾದಾಮಿಯ ಕಿರಾಣಿ ಅಂಗಡಿಯವ, ಬಾಗಲಕೋಟೆಯ ಹಮಾಲ, ಹೆಚ್ಚಿನವರು ವಿಮೆಯ ಕಂತನ್ನು ಏಜೆಂಟರ ಕೈಗಿಟ್ಟು ನಿಶ್ಚಿಂತರಾಗುತ್ತಾರೆ. ನಮ್ಮ ಓಣಿಯವ, ಕಂಪನಿಯ ಮನುಷ್ಯ ಎಂಬ ನಂಬಿಕೆ. ಕಾನೂನು ಏನನ್ನುತ್ತದೆ ಬಲ್ಲಿರಾ?

1872ರ ಕರಾರು ಕಾಯ್ದೆಯಂತೆ ಏಜೆಂಟನಿಗೆ ಕೊಟ್ಟ ಅಧಿಕಾರದಷ್ಟಕ್ಕೇ ಧಣಿ ಹೊಣೆ. ಅದಕ್ಕಿಂತ ಹೆಚ್ಚಿನ ಅಧಿಕಾರವಿದೆಯೆಂದು ಧಣಿಯೇ ಜನರನ್ನು ನಂಬಿಸಿದ್ದರೆ ಮಾತು ಬೇರೆ. ಎಲ್.ಐ.ಸಿ.ಯ 1972ರ ನಿಯಮ ಏಜೆಂಟರಿಗೆ ಕಂತು ವಸೂಲಿಯನ್ನು ನಿಷೇಧಿಸಿತ್ತು. ಹರ್ಷದ್ ಷಾ ಪ್ರಕರಣದಲ್ಲಿ ಏಜೆಂಟ್ ಚೆಕ್ ಪಡೆದ. ನಿಗಮಕ್ಕೆ ಕಟ್ಟುವುದರೊಳಗೆ ವಿಮೆದಾರ ಅಪಘಾತದಲ್ಲಿ ಸತ್ತ. 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ನಿಗಮ ಹೊಣೆಯಲ್ಲ! ಸಂಬಳದಲ್ಲಿ ಕಂತು ಮುರಿದುಕೊಂಡು ಕಟ್ಟದ ಮಾಲೀಕನನ್ನು ಮಾತ್ರ 1999ರ ಬಸಂತಿ ದೇವಿ ಪ್ರಕರಣದಲ್ಲಿ ಎಲ್.ಐ.ಸಿ.ಯ ಏಜೆಂಟ್ ಎಂದೇ ಪರಿಗಣಿಸಿ, ನಿಗಮವನ್ನೇ ಹೊಣೆ ಮಾಡಿತು. ನೌಕರಿಯವನಿಗೆ ಆಸರೆ, ಮಗ್ಗದವನಿಗೆ ಏನು?

ನಿಯಮ ನಿಮಗೆ ತಿಳಿದಿರಬೇಕಂತೆ. ಯಾವ ಭಾಷೆಯಲ್ಲಿ ಸ್ವಾಮಿ? ಸಹಿ ಹಾಕಿಸುವ ಅರ್ಜಿ ಇಂಗ್ಲಿಷಿನಲ್ಲಿ, ತುಂಬುವವನು ಏಜೆಂಟ್, ತಪ್ಪಾದರೆ ಉತ್ತರ ಕೊಡುವವರು ನೀವು. ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಅರ್ಜಿ ಒದಗಿಸ'ಬಹುದು' ಎಂದಿತು ವಿಮಾ ಪ್ರಾಧಿಕಾರದ 2002ರ ನಿಯಮ. ಆ 'ಬಹುದು'ವಿನಲ್ಲೇ ಕನ್ನಡವನ್ನು ಹೂತಿಟ್ಟರು! ದಿನವೂ ಅಚ್ಚುಕೂಟದಲ್ಲಿ ನಿಲ್ಲುವ ನಾನು ಕೇಳುತ್ತೇನೆ: ಏಜೆಂಟರ ಅಧಿಕಾರವೆಷ್ಟು ಎಂದು ಕನ್ನಡದಲ್ಲಿ ಎರಡು ಸಾಲು ಮುದ್ರಿಸಲು ಎಷ್ಟು ಮಸಿ ಬೇಕು?

ಈಗ ಕೆಲವು ಏಜೆಂಟರಿಗೆ ವಸೂಲಿಯ ಅಧಿಕಾರ ಕೊಟ್ಟಿದ್ದುಂಟು. ಅಧಿಕಾರಪತ್ರ ನೋಡದೆ, ನಿಗಮದ ರಸೀದಿ ಪಡೆಯದೆ ಹಣ ಕೊಡಬೇಡಿ. ಅರ್ಜಿಯನ್ನು ಕನ್ನಡದಲ್ಲೇ ಕೇಳಿ. ಇಲ್ಲವೆಂದರೆ, ಇಲ್ಲವೆಂದು ಬರೆದುಕೊಡಲು ಹೇಳಿ.