ಚಾಮುಂಡಿ ಎಕ್ಸ್‌ಪ್ರೆಸ್ಸಿಗೆ ಒಗ್ಗುವ ಜಾಝ್ ಗಿಟಾರ್

ಜಾಝ್ ನುಡಿಸಿ ಬದುಕುವವರಿಗೆ ಕೆಲಸ ಸಿಗುವುದು ಬೆಂಗಳೂರಿನಲ್ಲಿ, ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥ ಸಂಗೀತ ತಾಣಗಳಲ್ಲಿ. ಮನೆ ಮಂಡ್ಯದಲ್ಲೋ ಮದ್ದೂರಿನಲ್ಲೋ ಇದ್ದರೆ ಗಿಟಾರೂ ದಿನಪ್ರಯಾಣಿಕರ ಜೊತೆ ರೈಲು ಹತ್ತಬೇಕು. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಪುಣ್ಯ. ಮದ್ದೂರಿನಲ್ಲಿ ವಡೆ ಬುಟ್ಟಿಗೂ ದಾರಿ ಬಿಡಬೇಕು. ಮಳವಳ್ಳಿಯವರಾದರೆ ಊರಿಗೆ ರೈಲೇ ಇಲ್ಲ, ಮದ್ದೂರಿನವರೆಗೆ ಬಸ್ಸೇ ಗತಿ. ಬೈಕಿನಲ್ಲಿ ಹೋಗೋಣವೆಂದರೆ 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ ಬಿಡುವುದಿಲ್ಲ.

ಇಂಥ ಓಡಾಟದಲ್ಲಿ, ಪೊಳ್ಳು ಒಡಲಿನ ದೊಡ್ಡ ಗಿಟಾರೇ ಬೇಕೆಂಬ ಹಟ ಬಿಡುವುದು ಒಳ್ಳೆಯದು. 1949ರಲ್ಲಿ ಬಂದ ಗಿಬ್ಸನ್ ಇಎಸ್-175 ಚೆಲುವಾದ ವಾದ್ಯ. ಜೋ ಪಾಸ್, ಜಿಮ್ ಹಾಲ್ ಅದನ್ನು ನುಡಿಸಿದ್ದಾರೆ. ಆದರೆ ಅದರ ಒಡಲೇ 16 ಇಂಚು ಅಗಲ, ಮೂರು ಇಂಚಿಗೂ ಮೀರಿದ ದಪ್ಪ. ಗಟ್ಟಿ ಪೆಟ್ಟಿಗೆ ಬೇರೆ. ಕೆನಡಾದ ಎಡ್ ಬಿಕರ್ಟ್ 1970ರ ದಶಕದಲ್ಲಿ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಜೊತೆ ನುಡಿಸಿದ್ದು ಗಟ್ಟಿ ಮರದ, ತೆಳು ಒಡಲಿನ ಫೆಂಡರ್ ಟೆಲಿಕಾಸ್ಟರ್. ಆ ಧ್ವನಿಮುದ್ರಣಗಳನ್ನು ಕೇಳಿದ ಮೇಲೆ ತೆಳು ಗಿಟಾರಿನಲ್ಲಿ ಜಾಝ್ ಹುಟ್ಟದು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನೆಕ್ ಕಡೆಯ ಪಿಕಪ್, ಮೇಲ್ಮೈ ನುಣುಪಾದ ಫ್ಲಾಟ್‌ವೌಂಡ್ ತಂತಿ, ತುಸು ತಗ್ಗಿಸಿದ ಟೋನ್, ಪಳಗಿದ ಬೆರಳು ಇದ್ದರೆ ಜಾಝ್‌ನ ದುಂಡು ನಾದ ಬರುತ್ತದೆ.

ಇನ್ನೂ ಗಿಡ್ಡದು ಬೇಕಾದವರಿಗೆ ತಲೆಯಿಲ್ಲದ ಗಿಟಾರ್ ಇದೆ. ಅಮೆರಿಕದ ನೆಡ್ ಸ್ಟೈನ್‌ಬರ್ಗರ್ 1980ರ ಸುಮಾರಿಗೆ ಬೇಸ್ ಗಿಟಾರಿನ ತಲೆ ತೆಗೆದು, ಶ್ರುತಿ ಮಾಡುವ ತಿರುಪುಗಳನ್ನು ಬುಡಕ್ಕೆ ತಂದರು. ಆಮೇಲೆ ಗಿಟಾರಿಗೂ ಅದೇ ಬಂತು. ಅಲನ್ ಹೋಲ್ಡ್ಸ್‌ವರ್ತ್ ಅದನ್ನು ಜಾಝ್ ವೇದಿಕೆಗೆ ಒಯ್ದರು. ಸುಮಾರು ಒಂದು ಮೀಟರ್ ಉದ್ದದ ವಾದ್ಯದಲ್ಲಿ ಹೆಚ್ಚುಕಡಿಮೆ ಒಂದು ಗೇಣು ಉಳಿತಾಯವಾಗುತ್ತದೆ. ತಂತಿಯ ಉದ್ದ ಮಾತ್ರ ಕಡಿಮೆಯಾಗುವುದಿಲ್ಲ, ಮುಖ್ಯವಾದದ್ದು ಅದೇ. ತಂತಿಯನ್ನೇ ಮೊಟಕು ಮಾಡಿದ ಪುಟಾಣಿ ಗಿಟಾರುಗಳಲ್ಲಿ ಫ್ರೆಟ್‌ಗಳ ನಡುವಿನ ಮನೆಗಳು ಕಿರಿದಾಗಿ, ವರ್ಷಗಟ್ಟಲೆ ಪಳಗಿದ ಬೆರಳು ಇಕ್ಕಟ್ಟಿಗೆ ಬೀಳುತ್ತದೆ. ದುಡಿಯುವ ಕಲಾವಿದರು ಅವನ್ನು ಕೊಳ್ಳಬಾರದು.

ಕೆಲಸಕ್ಕೆ ತಕ್ಕಂತೆ ವಾದ್ಯ ತಿದ್ದುವುದು ಈ ಸೀಮೆಗೆ ಹೊಸತಲ್ಲ. ಮಳವಳ್ಳಿಯ ನೆರೆಯ ತಿರುಮಕೂಡಲು ನರಸೀಪುರದ ಟಿ. ಚೌಡಯ್ಯ, ಮೈಕಿಲ್ಲದ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಕಟ್ಟಿ ಏಳು ತಂತಿ ಮಾಡಿಕೊಂಡವರು. ಇಂದಿನ ಗಿಟಾರ್ ವಾದಕರೂ ರೈಲಿಗೆ ತಕ್ಕಂತೆ ವಾದ್ಯ ಆರಿಸಿಕೊಂಡರೆ ನಾಚಬೇಕಾದ್ದೇನಿಲ್ಲ.

ಅಂಗಡಿಯಲ್ಲಿ ಕುಳಿತು ನುಡಿಸಿ ನೋಡದೆ ಮಾತ್ರ ದುಡ್ಡು ಕೊಡಬಾರದು. ಕೆಲವು ತಲೆಯಿಲ್ಲದ ಗಿಟಾರುಗಳು ತೊಡೆಯ ಮೇಲೆ ನಿಲ್ಲದೆ ಜಾರುತ್ತವೆ. ಇನ್ನು ಕೆಲವಕ್ಕೆ ಎರಡೂ ತುದಿಗೆ ಗುಂಡು ಇರುವ ವಿಶೇಷ ತಂತಿಯೇ ಬೇಕು. ಸಂಜೆ ಕಾರ್ಯಕ್ರಮವಿದ್ದು ಮಧ್ಯಾಹ್ನ ಮಂಡ್ಯದಲ್ಲಿ ತಂತಿ ಹರಿದರೆ ಅಂಥದ್ದನ್ನು ಹುಡುಕುವುದು ಕಷ್ಟ. ಸಾಮಾನ್ಯ ತಂತಿಯನ್ನೇ ತಿರುಪಿನಿಂದ ಬಿಗಿಯುವ ಮಾದರಿ ಸಿಕ್ಕರೆ ಅದನ್ನೇ ಆರಿಸಬೇಕು, ಬೆಲೆ ತುಸು ಹೆಚ್ಚಾದರೂ.